ಕದ್ವಾಡದ ಗಜನಿಯಲ್ಲಿ ಉರಿದ ದೀಪ

ಆ ದೀಪ ಉರಿದದ್ದನ್ನು ನಾನು ಕಂಡಿದ್ದೆ. ಕಣ್ಣಾರೆ ಕಂಡು, ಉರಿಯಲಿಲ್ಲ ಎಂದು ಜನ ನಂಬಿರುವಂತೆ ಬಿಟ್ಟೆ. ಆ ಸುಳ್ಳಿನ ಮೇಲೆ ನನ್ನ ಹೆಸರು ಬೆಳೆಯಿತು. ಮಾಲಿನಿ ತಾಂಡೇಲ ಎಂಬ ಶಿಕ್ಷಕಿಯ ಮಾತಿಗೆ ಬೆಲೆಯಿಲ್ಲದಾಯಿತು. ಸುಳ್ಳು ಹೇಳಿದೆ ಎಂದರೂ ಪೂರ್ತಿ ನಿಜವಾಗದು — ನಾನು ಹೇಳಿದ್ದಕ್ಕಿಂತ ಹೇಳದೆ ಉಳಿಸಿಕೊಂಡದ್ದೇ ದೊಡ್ಡದು. ಅದನ್ನು ಈಗ ಹೇಳುತ್ತಿದ್ದೇನೆ.

ಆಗ, ಹೊಸ ಶತಮಾನದ ಆರಂಭದ ಆ ವರ್ಷಗಳಲ್ಲಿ, ನಾನು ಅಂಕೋಲೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಶಿಕ್ಷಕ. ಕಾಲೇಜಿನ ದಿನಗಳಲ್ಲಿ ಚರ್ಚಾಸ್ಪರ್ಧೆಯ ಪಟು. ವಿಷಯದ ಪರವೋ ವಿರೋಧವೋ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸುವ ಸ್ಪರ್ಧೆಗಳವು. ಪರ ಬಂದರೆ ಪರ, ವಿರೋಧ ಬಂದರೆ ವಿರೋಧ — ಎರಡಕ್ಕೂ ನನ್ನ ದನಿ ಒಂದೇ ಸಮನಾಗಿ ಏರುತ್ತಿತ್ತು. ಗೆದ್ದ ಫಲಕಗಳನ್ನು ಮನೆಯ ಗೋಡೆಗೆ ತೂಗುಹಾಕಿದ್ದೆ. ಆದರೆ ನಂಬಿಕೆಯಿಲ್ಲದವನಾಗಿರಲಿಲ್ಲ. ಶಕ್ತಿಯ ವ್ಯಾಖ್ಯೆಯನ್ನು ಬಾಯಿಪಾಠ ಮಾಡಿದ ಮಗುವಿಗೆ ಶಕ್ತಿಯೆಂದರೇನೆಂದು ಗೊತ್ತಿರುವುದಿಲ್ಲ. ಅದು ಕೈಗೆ ತಾಗಬೇಕು, ಬಿಸಿಯಾಗಿ, ಭಾರವಾಗಿ, ಬೆಳಕಾಗಿ — ಇದು ನನ್ನ ನಂಬಿಕೆಯಾಗಿತ್ತು. ಇವತ್ತಿಗೂ ಅದನ್ನು ಬಿಟ್ಟಿಲ್ಲ.

ನಮ್ಮದೊಂದು ಸಣ್ಣ ವಿಜ್ಞಾನ ಬಳಗವಿತ್ತು. ಭಾನುವಾರ ಬಂತೆಂದರೆ ಬಸ್ಸಿನ ತಲೆಯ ಮೇಲೆ ಸಾಮಾನು ಹೇರಿ, ಊರೂರಿನ ಶಿಕ್ಷಕರಿಗೆ ಪ್ರಯೋಗ ಕಲಿಸಲು ಹೊರಡುತ್ತಿದ್ದೆವು. ರಾಮನಗುಳಿಯಲ್ಲಿ ಶಿಕ್ಷಕರೇ ರಟ್ಟು, ಗಾಜು, ಮಸಿ ಬಳಿದ ಡಬ್ಬಿ ಸೇರಿಸಿ ಬಿಸಿಲಿನ ಒಲೆ ಮಾಡಿದರು. ಅದರೊಳಗೆ ಅಕ್ಕಿ ಅನ್ನವಾದಾಗ ಅಡುಗೆಯನ್ನೇ ಕಾಣದವರಂತೆ ಅಗುಳನ್ನು ಬೆರಳಲ್ಲಿ ಹಿಸುಕಿ ಹಿಸುಕಿ ನೋಡಿದರು. ಹಿಲ್ಲೂರಿನಲ್ಲಿ ಸೈಕಲನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಡೈನಮೋ ಕಟ್ಟಿ, ನಿವೃತ್ತಿಯ ಹೊಸ್ತಿಲಲ್ಲಿದ್ದ ಒಬ್ಬ ಮಾಸ್ತರನ್ನು ಕೂರಿಸಿದೆವು. ಅವರು ಹಗುರಾಗಿ ತುಳಿಯುತ್ತಿದ್ದರು. ನಾನು ದೀಪದ ತಂತಿ ಜೋಡಿಸಿದೆ. ಪೆಡಲು ತಟ್ಟನೆ ಭಾರವಾಯಿತು. ಅವರು ಕಾಲು ನಿಲ್ಲಿಸಿ ನನ್ನ ಮುಖ ನೋಡಿದರು.

"ಹಿಡದ್ಯೇನೋ ಚಕ್ರ?"

"ಇಲ್ಲ ಮಾಸ್ತರೇ. ದೀಪ ಹತ್ತಿತು, ಅಷ್ಟೇ."

"ದೀಪ ಹತ್ತೂಕೆ ನನ್ನ ಕಾಲು ಸೋಲ್ಬೇಕಾ!" ಎಂದು ಅವರು ಬಾಯಿ ತೆರೆದು ಕೂತರು. ಮೂವತ್ತು ವರ್ಷ ಅದೇ ಪಾಠ ಮಾಡಿದವರು. ಆ ಮುಖವನ್ನು ಕಂಡ ದಿನ ನನ್ನಲ್ಲಿ ಒಂದು ಸಿದ್ಧಾಂತ ಹುಟ್ಟಿತು: ಬೆರಗುಗೊಂಡ ಮನುಷ್ಯ ಸುಳ್ಳಾಡಲಾರ. ಬೆರಗು ಮನುಷ್ಯನನ್ನು ಸತ್ಯದ ಮುಂದೆ ಬೆತ್ತಲೆ ನಿಲ್ಲಿಸುತ್ತದೆ, ಆದ್ದರಿಂದ ಮಕ್ಕಳಿಗೆ ಬೆರಗನ್ನು ಕೊಟ್ಟರೆ ಪ್ರಾಮಾಣಿಕತೆ ತಾನಾಗಿ ಬರುತ್ತದೆ — ಹೀಗೆಂದು ವೇದಿಕೆ ವೇದಿಕೆಯಲ್ಲಿ ಹೇಳಿದೆ. ಚಪ್ಪಾಳೆ ಬಿದ್ದವು.

ತಾಂಡೇಲ ಅಕ್ಕೋರು — ನಮ್ಮ ಕಡೆ ಶಿಕ್ಷಕಿಯರನ್ನು ಹಾಗೆಯೇ ಕರೆಯುವುದು — ಕದ್ವಾಡದ ಕಡೆಯ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಕಾರವಾರದ ದಂಡೆಯ ಮೀನುಗಾರ ಮನೆತನ. ನನಗಿಂತ ಹಿರಿಯರು, ನನಗಿಂತ ಚೆನ್ನಾಗಿ ಓದಿದವರು, ಮಾತು ಮಾತ್ರ ಉಪ್ಪು-ಖಾರ. ನಾನು ಭಾಷಣ ಉದ್ದ ಮಾಡಿದಾಗಲೆಲ್ಲ ಮುಂದಿನ ಸಾಲಿನಿಂದ ಗಡಿಯಾರ ಎತ್ತಿ ತೋರಿಸುತ್ತಿದ್ದವರು ಅವರೊಬ್ಬರೇ.

ಕದ್ವಾಡದಲ್ಲಿ, ಕಾರವಾರ ಬಂದರಿನಿಂದ ಒಳಕ್ಕೆ, ಕಾಳಿ ನದಿಯ ಅಂಚಿಗೆ ಗಜನಿಗಳಿವೆ — ಒಡ್ಡು ಕಟ್ಟಿ ಉಪ್ಪುನೀರನ್ನು ತಡೆದ ತಗ್ಗು ಗದ್ದೆಗಳು. ಒಡ್ಡಿನಲ್ಲೊಂದು ಇಕ್ಕಟ್ಟಾದ ಬಾಗಿಲು. ಹಲಗೆ ಎತ್ತಿದರೆ ಭರತದ ನೀರು ಒಳಗೆ ಬರುತ್ತದೆ, ಇಳಿತದಲ್ಲಿ ಹೊರಗೆ ಧುಮುಕುತ್ತದೆ. ಹೊರಗೆ ಧುಮುಕುವ ಹೊತ್ತಿಗೆ ಬಲೆ ಕಟ್ಟಿ ಸಿಗಡಿ ಹಿಡಿಯುವುದು ಅಲ್ಲಿಯವರ ರೂಢಿ. ಅಕ್ಕೋರು ಮತ್ತು ಅವರ ಒಂಬತ್ತನೆಯ ತರಗತಿಯ ಮಕ್ಕಳು ಬಲೆಯ ಜಾಗದಲ್ಲಿ ಒಂದು ಚಕ್ರ ಕಟ್ಟಿದರು. ಹಳೆಯ ಸೈಕಲ್ ಗಾಲಿ. ಅದರ ಕಡ್ಡಿಗಳಿಗೆ ಒಂದು ಬದಿಯಿಂದ ಎಣ್ಣೆ ಡಬ್ಬಿಯ ತಗಡು ಕತ್ತರಿಸಿ ಬಿಗಿದ ರೆಕ್ಕೆಗಳು. ಇನ್ನೊಂದು ಬದಿಗೆ ಟೈರಿಗೆ ತಾಗಿದ ಡೈನಮೋ. ಡೈನಮೋದಿಂದ ಒಂದು ಪುಟ್ಟ ದೀಪ. "ನೀರು ಓಡೂಕೆ ಹಿಡಿದ್ರೆ ದೀಪ ಹತ್ತೂದು ಹತ್ತೂದೇ," ಎಂದರು. ನಾನು ನೋಡಿರಲಿಲ್ಲ, ಆದರೆ ಕೇಳಿಯೇ ರೋಮಾಂಚನಗೊಂಡೆ. ಚಂದ್ರ ಸಮುದ್ರವನ್ನು ಎಳೆಯುತ್ತಾನೆ, ಸಮುದ್ರ ಗಾಲಿಯನ್ನು ತಿರುಗಿಸುತ್ತದೆ — ಇದಕ್ಕಿಂತ ದೊಡ್ಡ ಪಾಠ ಯಾವ ಪುಸ್ತಕದಲ್ಲಿದೆ?

ಅದೇ ಹೊತ್ತಿಗೆ ನಮ್ಮ ಬಳಗದಲ್ಲೊಂದು ನಿರ್ಧಾರ ಆಗಬೇಕಿತ್ತು. ಜಿಲ್ಲೆಯ ಶಿಕ್ಷಕರಿಗೆ ಶಕ್ತಿವಿಜ್ಞಾನದ ತರಬೇತಿ ಶುರುವಾಗುವುದಿತ್ತು. ಪ್ರತಿ ಶಾಲೆಯೂ ತನ್ನ ಊರಿನ ನೀರು, ಗಾಳಿ, ಬಿಸಿಲಿನಿಂದ ತಾನೇ ಉಪಕರಣ ಮಾಡಿಕೊಳ್ಳುವುದೋ, ಅಥವಾ ಹೊರಗಿನಿಂದ ತರಿಸಿದ ಸಿದ್ಧ ಪೆಟ್ಟಿಗೆಗಳನ್ನು ಹಂಚುವುದೋ? ಕೈಯಿಂದಲೇ ಮಾಡಬೇಕೆಂದು ಅಕ್ಕೋರೂ ನಾನೂ ಹಟ ಹಿಡಿದಿದ್ದೆವು. ತರಬೇತಿಯನ್ನು ಅಕ್ಕೋರೇ ನಡೆಸಬೇಕೆಂಬುದು ನನ್ನದೇ ಸೂಚನೆ. ತೀರ್ಮಾನ ನಮ್ಮ ಬಳಗದ ಹಿರಿಯರಾದ ನಿವೃತ್ತ ಪ್ರಾಧ್ಯಾಪಕರದ್ದು. ಅವರು ಕದ್ವಾಡಕ್ಕೆ ಬಂದು ಚಕ್ರ ನೋಡಿ ಹೇಳುವುದೆಂದಾಯಿತು.

ಹೊತ್ತು ಗೊತ್ತುಮಾಡಿದವನು ನಾನು. ಪ್ರಾಧ್ಯಾಪಕರಿಗೆ ಮಧ್ಯಾಹ್ನದ ರೈಲು ಹಿಡಿಯಬೇಕಿತ್ತು. ಬಂದರಿನ ಭರತ-ಇಳಿತದ ಕೋಷ್ಟಕ ತರಿಸಿ ನೋಡಿದೆ, ಬೆಳಗಿನ ಹೊತ್ತಿಗೇ ಇಳಿತ ಶುರುವಾಗುತ್ತಿತ್ತು. ಎರಡೂ ಕೂಡಿಬಂದವೆಂದು ಹಿಗ್ಗಿದೆ. ಕಾರವಾರದಲ್ಲಿ ನಡೆದ ಪೂರ್ವಭಾವಿ ಸಭೆಯಲ್ಲಿ ಅಕ್ಕೋರು ತಲೆಯಾಡಿಸಿದರು.

"ಅದು ಬಂದರದ ಹೊತ್ತು, ನಾಯಕ ಮಾಸ್ತರೇ. ನಮ್ಮ ಗಜನಿ ಹೊತ್ತಲ್ಲ. ಊಟದ ಮೇಲೆ ಇಟ್ಕಣಿ."

ನಾನು ಎದ್ದು ನಿಂತೆ. ಕೂತೇ ಹೇಳಬಹುದಾಗಿದ್ದ ಮಾತಿಗೆ ಎದ್ದು ನಿಂತೆ — ಅಲ್ಲಿಯೇ ತಪ್ಪಿನ ಬೇರು. "ಸಮುದ್ರ ಒಂದೇ, ಚಂದ್ರನೂ ಒಬ್ಬನೇ. ಬಂದರಿನಲ್ಲಿ ಇಳಿಯುವ ನೀರು ಕದ್ವಾಡದಲ್ಲಿ ಮಾತ್ರ ರಜೆ ಹಾಕುತ್ತದೆಯೇ?" ಎಂದೆ. ಸಭೆ ನಕ್ಕಿತು.

"ರಜೆ ಹಾಕೂದಿಲ್ಲ, ನಡಕಂಡ್ ಬರ್ತದೆ," ಎಂದರು ಅಕ್ಕೋರು. "ಬಂದರದಿಂದ ಕದ್ವಾಡಕ್ಕೆ ನಿಮಗೆ ಬಸ್ಸದೆ. ಪಾಪ, ಅದಕ್ಕೆಲ್ಲಿ ಬಸ್ಸು?"

ಸಭೆ ಇನ್ನೂ ಜೋರಾಗಿ ನಕ್ಕಿತು. ನನಗೆ ಸೈರಣೆಯಾಗಲಿಲ್ಲ. ಮಾತಿಗೆ ಮಾತು ಸೇರಿಸಿದೆ; ಗುರುತ್ವಾಕರ್ಷಣೆಯನ್ನು ತಂದೆ, ಅತಿಥಿಯ ಗೌರವವನ್ನು ತಂದೆ, ಕೊನೆಗೆ "ಸಂದೇಹವೇ ಎಲ್ಲ ಕಾರ್ಯದ ಶತ್ರು" ಎಂಬೊಂದು ವಾಕ್ಯವನ್ನೂ ಎಸೆದೆ. ವಿಜ್ಞಾನದ ಸಭೆಯಲ್ಲಿ ಸಂದೇಹವನ್ನು ಶತ್ರು ಎಂದೆ! ಯಾರಿಗೂ ಅದು ಹೊಳೆಯಲಿಲ್ಲ. ನನ್ನ ಹೊತ್ತೇ ಗಟ್ಟಿಯಾಯಿತು.

"ಮಾತಲ್ಲಿ ನೀವು ಗೆದ್ರಿ," ಎಂದು ಅಕ್ಕೋರು ಚೀಲ ಎತ್ತಿಕೊಂಡರು. "ಒಂದ್ಸಲ ನೀರನ್ನೂ ಕೇಳ್ಕಂಡ್ ಬನ್ನಿ."

ಕೇಳಲಿಲ್ಲ.

ಆ ದಿನ ಒಡ್ಡಿನ ಮೇಲೆ ಶಿಕ್ಷಕರು ಸಾಲಾಗಿ ನಿಂತಿದ್ದರು. ಬಿಸಿಲಿನಲ್ಲಿ ಸಣ್ಣ ದೀಪ ಕಾಣದೆಂದು ಮಕ್ಕಳು ದೊಡ್ಡದೊಂದು ಕರಿ ಕೊಡೆ ಬಿಚ್ಚಿ ಅದರ ಕೆಳಗೆ ದೀಪ ಇಟ್ಟಿದ್ದರು. ಪ್ರಾಧ್ಯಾಪಕರು ಬಾಗಿ ನೋಡಿದರು. ಬಾಗಿಲಿನ ನೀರಿನ ಮೇಲೆ, ಉಪ್ಪುನೀರಿನ ದಡದಲ್ಲಿ ಬೆಳೆಯುವ ಕಾಂಡ್ಲಾ ಗಿಡದ ಎಲೆಯೊಂದು ತೇಲುತ್ತಿತ್ತು. ಅದು ಆ ಕಡೆಗೂ ಹೋಗಲಿಲ್ಲ, ಈ ಕಡೆಗೂ ಬರಲಿಲ್ಲ. ಒಳಗಿನ ನೀರು, ಹೊರಗಿನ ನೀರು ಒಂದೇ ಮಟ್ಟದಲ್ಲಿ ಕನ್ನಡಿಯಂತೆ ನಿಂತಿದ್ದವು. ಚಕ್ರ ಅಲುಗಲಿಲ್ಲ.

"ಯಾಕೆ ತಿರುಗುತ್ತಿಲ್ಲ?" ಎಂದು ಪ್ರಾಧ್ಯಾಪಕರು ಕೇಳಿದರು. ಆಕ್ಷೇಪದ ದನಿಯಲ್ಲ, ಮಗುವಿನ ದನಿ. ಅವರಿಗೆ ನಿಜವಾಗಿಯೂ ತಿಳಿಯಬೇಕಿತ್ತು.

ಅಕ್ಕೋರು ಬಾಯಿ ತೆರೆದರು. "ನೀರು ಇನ್ನೂ—"

ಎಷ್ಟು ಸುಲಭದ ಉತ್ತರ ಅದು! ನೀರು ಇನ್ನೂ ತಿರುಗಿಲ್ಲ. ಆದರೆ ಆ ಉತ್ತರ ಪೂರ್ಣವಾಗಿದ್ದರೆ ಮುಂದಿನ ಪ್ರಶ್ನೆ — ಹಾಗಾದರೆ ಈ ಹೊತ್ತು ಯಾರು ಇಟ್ಟರು? ನಾನು ನಡುವೆ ಬಾಯಿ ಹಾಕಿದೆ.

"ಚಕ್ರದ ರಚನೆಯಲ್ಲಿ ದೋಷ ಉಳಿದಿದೆ, ಸರ್. ಮಕ್ಕಳ ಕೈಕೆಲಸ ನೋಡಿ."

ಅಷ್ಟೇ. ಪರ ಚೀಟಿ ಕೈಯಲ್ಲಿದ್ದವನು ಗಳಿಗೆಯೊಳಗೆ ವಿರೋಧ ಚೀಟಿ ಎತ್ತಿದೆ. ಆಮೇಲೆ ನಾಲಗೆ ತಾನಾಗಿ ಓಡಿತು — ರೆಕ್ಕೆಯ ಕೋನ, ಅಚ್ಚಿನ ಘರ್ಷಣೆ, ಸೋಲಿನಿಂದಲೂ ಕಲಿಯುವ ಬಗೆ. ಒಂದೊಂದು ಮಾತೂ ಸೊಗಸಾಗಿತ್ತು. ಒಂದೂ ನಿಜವಲ್ಲ. ನಡುವೆ ಸುಷ್ಮಾ ಎಂಬ ವಿದ್ಯಾರ್ಥಿನಿ, ಕೊಡೆ ಹಿಡಿದವಳು, "ನಿನ್ನೆ ಹತ್ತಿತ್ತು ಮಾಸ್ತರೇ, ದೇವ್ರಾಣೆ," ಎಂದಳು. "ನಿನ್ನೆ ಹತ್ತಿದ ದೀಪದಲ್ಲಿ ಇವತ್ತು ಓದೂಕೆ ಬತ್ತದ್ಯೇನೆ?" ಎಂದು ಹಿಂದಿನಿಂದ ಯಾರೋ ಚೇಷ್ಟೆ ಮಾಡಿದರು. ಜನ ನಕ್ಕರು. ನಾನೂ ನಕ್ಕೆ. ಅಕ್ಕೋರು ನಗಲಿಲ್ಲ, ನನ್ನನ್ನೇ ನೋಡುತ್ತಿದ್ದರು — ಬೈಯುವ ನೋಟವೂ ಅಲ್ಲ. ನನ್ನನ್ನು ಮೊದಲ ಸಲ ಕಾಣುತ್ತಿರುವವರ ಹಾಗೆ.

ಎಲ್ಲರೂ ಊಟಕ್ಕೆಂದು ಶಾಲೆಯ ಕಡೆ ನಡೆದರು. ಅತಿಥಿಗಳಿಗೆ ಬಡಿಸಲು ಅಕ್ಕೋರೂ ಹೋಗಬೇಕಾಯಿತು. ಚಕ್ರ ಬಿಚ್ಚಿ ತರುವ ನೆಪದಲ್ಲಿ ನಾನು ಮಕ್ಕಳೊಡನೆ ಉಳಿದೆ. ಅಕ್ಕೋರ ಕೈಯಿಂದ ಬಡಿಸಿಕೊಂಡು ಉಣ್ಣುವ ಧೈರ್ಯವಿರಲಿಲ್ಲ. ಮಕ್ಕಳು ಚಕ್ರದ ಹಗ್ಗ ಸಡಿಲಿಸತೊಡಗಿದ್ದರು. ಒಬ್ಬಳು ಕೈ ತಡೆದಳು. "ಪಳೆ!" ಎಂದಳು — ನೋಡು ಎಂದು ಅವಳ ಮನೆಮಾತಿನಲ್ಲಿ.

ಎಲೆ ಹೊರಟಿತ್ತು.

ಮೊದಲು ತಿಳಿಯದಷ್ಟು ಮೆಲ್ಲಗೆ, ಆಮೇಲೆ ಯಾರೋ ಕರೆದಂತೆ ಆತುರದಿಂದ, ಬಾಗಿಲು ದಾಟಿ ನದಿಯ ಕಡೆಗೆ. ನೀರಿನ ಮೈಯಲ್ಲಿ ನೆರಿಗೆ ಎದ್ದವು. ತಗಡಿನ ಒಂದು ರೆಕ್ಕೆ ಕಿರ್ರೆಂದಿತು. ಚಕ್ರ ಅರ್ಧ ಸುತ್ತು ತಿರುಗಿ ನಿಂತಿತು. ನೋಡುತ್ತ ನೋಡುತ್ತ ಒಳಗಿನ ನೀರಿಗೂ ಹೊರಗಿನ ನೀರಿಗೂ ನಡುವೆ ಒಂದು ಮೆಟ್ಟಿಲು ಮೂಡಿತು, ಆ ಮೆಟ್ಟಿಲಿಂದ ನೀರು ಧುಮುಕಿತು, ಚಕ್ರ ತಿರುಗಿತು, ತಿರುಗುತ್ತಲೇ ಇತ್ತು. ಮಕ್ಕಳು ಮತ್ತೆ ಕೊಡೆ ಬಿಚ್ಚಿದರು. ನಾನೂ ಅವರ ತಲೆಗಳ ನಡುವೆ ನನ್ನ ತಲೆ ತೂರಿಸಿದೆ. ಕತ್ತಲೆಯೊಳಗೆ ಒಂದು ಕೆಂಪು ಎಳೆ. ಎಳೆ ಕಿತ್ತಳೆಯಾಯಿತು. ಹಳದಿಯಾಯಿತು. ಮಕ್ಕಳ ಮೂಗಿನ ತುದಿಗಳ ಮೇಲೆ, ಬೆವರಿನ ಹನಿಗಳ ಮೇಲೆ ಅದು ಮಿನುಗಿತು.

ನಾನು ಹೇಗೆ ಹೇಳಲಿ ಅದನ್ನು! ಎಲ್ಲಿಯ ಚಂದ್ರ — ಆ ಹಗಲಲ್ಲಿ ಕಣ್ಣಿಗೆ ಕಾಣದವನು. ಅವನು ಅರಬ್ಬೀ ಸಮುದ್ರದ ಇಡೀ ಭಾರವನ್ನು ಎತ್ತಿ ಇಳಿಸುತ್ತಿದ್ದಾನೆ. ಆ ಏರಿಳಿತ ಬಂದರು ದಾಟಿ, ಸೇತುವೆಯ ಕಂಬಗಳನ್ನು ಬಳಸಿ, ಕಾಳಿಯ ಉದ್ದಕ್ಕೂ ನಡೆದು — ಹೌದು, ನಡೆದೇ — ಕಾಂಡ್ಲಾ ಗಿಡಗಳ ಬೇರುಗಳ ನಡುವೆ ನುಸುಳಿ, ತನಗೆ ಬೇಕಾದಷ್ಟು ಹೊತ್ತು ತೆಗೆದುಕೊಂಡು, ತೋಳಗಲದ ಈ ಬಾಗಿಲಿಗೆ ಬಂದಿದೆ. ಬಂದು ಒಂದು ಎಣ್ಣೆ ಡಬ್ಬಿಯ ತಗಡನ್ನು ತಳ್ಳಿದೆ. ಕೂದಲಿಗಿಂತ ಸಣ್ಣದೊಂದು ತಂತಿಯಲ್ಲಿ ಬೆಳಕಾಗಿ ನಿಂತಿದೆ. ಆ ಬೆಳಕು ಅಲುಗುತ್ತಿತ್ತು — ಅಲೆಗೆ ಒಮ್ಮೆ ಹಿರಿದಾಗಿ, ಒಮ್ಮೆ ಕಿರಿದಾಗಿ — ಸಮುದ್ರವೇ ನಮ್ಮ ಮುಖದ ಹತ್ತಿರ ಉಸಿರಾಡುತ್ತಿರುವಂತೆ. ನನ್ನ ರೋಮಗಳು ನಿಮಿರಿದ್ದವು. ಕಣ್ಣಲ್ಲಿ ನೀರು ಬಂದಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಏಕೆಂದರೆ ಮುಂದಿನ ಗಳಿಗೆಯಲ್ಲಿ ನಾನು ಮಾಡಿದ್ದು ಆ ಕಣ್ಣೀರು ಇನ್ನೂ ಆರದಿರುವಾಗಲೇ.

ಸುಷ್ಮಾ ಎದ್ದು ನಿಂತಳು. "ಓಡಿ ಹೋಗಿ ಎಲ್ಲರನ್ನೂ ಕರ್ಕಂಡ್ ಬರೂದಾ ಮಾಸ್ತರೇ?"

ಶಾಲೆ ಕೂಗಳತೆಗಿಂತ ಸ್ವಲ್ಪ ಆಚೆ. ಅವಳು ಓಡಿದ್ದರೆ ಪ್ರಾಧ್ಯಾಪಕರು ಎಂಜಲುಗೈಯಲ್ಲೇ ಎದ್ದು ಬರುತ್ತಿದ್ದರು — ಅಂಥ ಮನುಷ್ಯ ಅವರು.

"ಬೇಡ," ಎಂದೆ. "ನಾನು ಹೇಳ್ತೇನೆ."

"ಹೇಳ್ತ್ರಿ ಅಲಾ?"

"ಹೇಳ್ತೇನೆ."

ಮಕ್ಕಳು ನಂಬಿದರು. ನನ್ನ ಬದುಕಿನಲ್ಲಿ ನಾನು ಆಡಿದ ಸಾವಿರ ಮಾತುಗಳ ನಡುವೆ ಅತ್ಯಂತ ಚಿಕ್ಕದು ಅದು. ಯಾವ ಅಲಂಕಾರವೂ ಇಲ್ಲದ್ದು. ಶಾಲೆಗೆ ನಡೆಯುವಾಗ ಹೇಳಬೇಕೆಂದೇ ಇದ್ದೆ — ಇದು ನಿಜವೋ, ಈಗ ಹಾಗೆ ಅನಿಸುತ್ತಿದೆಯೋ, ಗೊತ್ತಿಲ್ಲ. ಪ್ರಾಧ್ಯಾಪಕರು ಕೈ ತೊಳೆಯುತ್ತಿದ್ದರು. ನನ್ನ ಹೆಗಲ ಮೇಲೆ ಒದ್ದೆ ಕೈಯನ್ನೇ ಇಟ್ಟು, "ಎಷ್ಟು ಸಮತೂಕದಿಂದ ವಿವರಿಸಿದೆಯಪ್ಪ! ಹುಮ್ಮಸ್ಸಿನವರು ಬಹಳ ಮಂದಿ, ಸೋಲನ್ನು ಒಪ್ಪುವವರು ಕಡಿಮೆ," ಎಂದರು. ಸೋಲನ್ನು ಒಪ್ಪುವವನು — ನಾನು! ಶಾಲೆಯ ಬಾಗಿಲ ಬಳಿ ಅಕ್ಕೋರು ಉಂಡ ಎಲೆ ಎತ್ತುತ್ತಿದ್ದರು. ನಿಜ ಹೇಳಿದರೆ ಹೆಗಲ ಮೇಲಿನ ಆ ಕೈ ತೆಗೆದುಬಿಡುತ್ತಾರೆಂದು ಹೆದರಿದೆ. ಪ್ರಾಧ್ಯಾಪಕರನ್ನು ರೈಲಿಗೆ ಒಯ್ಯುವ ಜೀಪು ಹೊರಟಿತು.

ತೀರ್ಮಾನ ನೀವು ಊಹಿಸುವಂಥದ್ದೇ. ಊರಲ್ಲಿ ಮಾಡಿದ್ದು ಕೈಕೊಡುತ್ತದೆ, ಸಿದ್ಧ ಪೆಟ್ಟಿಗೆಯೇ ಸರಿ. ತರಬೇತಿ ಕೊಡಲು ಅಕ್ಕೋರ ಬದಲು ನನ್ನನ್ನು ಆರಿಸಿದರು. ವಿರೋಧಿಸಿದ್ದ ಪೆಟ್ಟಿಗೆಯನ್ನೇ ಹೊತ್ತು ನಾನು ಕಾರವಾರದಿಂದ ಘಟ್ಟದ ಬುಡದವರೆಗೆ ತಿರುಗಿದೆ. ಗುಂಡಿ ಒತ್ತಿದರೆ ಪುಟ್ಟ ಫ್ಯಾನು ತಿರುಗುತ್ತದೆ, ಮಕ್ಕಳು ನೋಡುತ್ತಾರೆ, ಮುಚ್ಚಳ ಹಾಕುತ್ತೇವೆ. ಹಾಳಾದೀತೆಂದು ಎಷ್ಟೋ ಶಾಲೆಗಳಲ್ಲಿ ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದರು. ಆ ಬೀಗಗಳನ್ನು ಕಂಡಾಗಲೆಲ್ಲ ಎದೆಯಲ್ಲಿ ಏನೋ ಕುಟ್ಟುತ್ತಿತ್ತು. ಕುಟ್ಟಿದ್ದು ನಿಲ್ಲುವವರೆಗೆ ಜೋರಾಗಿ ಮಾತಾಡುತ್ತಿದ್ದೆ. ಬೆರಗುಗೊಂಡ ಮನುಷ್ಯ ಸುಳ್ಳಾಡಲಾರ ಎಂಬ ಭಾಷಣವನ್ನೂ ಬಿಡಲಿಲ್ಲ. ಬೆರಗಿನ ನಡುವೆ ನಿಂತೇ ಸುಳ್ಳಾಡಿದವನಿಗೆ ಅದು ಸುಳ್ಳೆಂದು ಗೊತ್ತಿತ್ತಲ್ಲ! ಬೆರಗು ಬಂದು ತನ್ನ ಕೆಲಸ ಮಾಡಿ ಹೋಗುತ್ತದೆ. ಉಳಿದದ್ದು ನಾವೇ ಮಾಡಬೇಕು. ನಾನು ಮಾಡಲಿಲ್ಲ.

ಹೀಗೆ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಕಳೆದ ಮೇಲೆ ಪ್ರಾಧ್ಯಾಪಕರು ತೀರಿಕೊಂಡರು. ಯಾರಿಗೆ ಹೇಳುತ್ತೇನೆಂದು ಮಕ್ಕಳಿಗೆ ಮಾತು ಕೊಟ್ಟಿದ್ದೆನೋ ಅವರೇ ಇಲ್ಲ. ಆ ಸುದ್ದಿ ಬಂದಾಗ ದುಃಖಕ್ಕಿಂತ ಮೊದಲು ಒಂದು ನಿರಾಳ ಮೂಡಿತು — ಆ ನಿರಾಳಕ್ಕೆ ನಾನು ಬೆಚ್ಚಿಬಿದ್ದೆ. ಕೆಲವು ದಿನಗಳ ನಂತರ ಕಾರವಾರದ ಬಸ್ಸು ಹತ್ತಿದೆ.

ಅಕ್ಕೋರು ನಿವೃತ್ತರಾಗಿದ್ದರು. ಜಗಲಿಯಲ್ಲಿ ಕೂರಿಸಿ ಚಹಾ ಕೊಟ್ಟರು. ಪೀಠಿಕೆಯಿಲ್ಲದೆ ಹೇಳಲು ನನಗೆ ಬರುತ್ತಿರಲಿಲ್ಲ, ಆದರೂ ಹೇಳಿದೆ. "ಅಕ್ಕೋರೇ, ಅವತ್ತು ದೀಪ ಹತ್ತಿತ್ತು. ನಾನು ನೋಡಿದ್ದೆ."

"ಗೊತ್ತದೆ," ಎಂದರು. "ಮಕ್ಕಳು ಅವತ್ತು ಸಂಜೆನೇ ಹೇಳಿದ್ರು. ಮಾಸ್ತರು ಸಾಹೇಬರಿಗೆ ಹೇಳ್ತೇ ಅಂದಾರೆ ಅಂತ ಕುಣಿದಿದ್ದೇ ಕುಣಿದಿದ್ದು."

ಇಷ್ಟು ವರ್ಷ ನಾನು ಮುಚ್ಚಿಟ್ಟೆನೆಂದು ತಿಳಿದದ್ದು ಅವರ ಕಣ್ಣೆದುರು ತೆರೆದೇ ಇತ್ತು. ಎಷ್ಟೋ ಸಭೆಗಳಲ್ಲಿ ಅವರು ಹಿಂದಿನ ಸಾಲಿನಲ್ಲಿ ಕೂತು ನನ್ನ ಭಾಷಣ ಕೇಳಿದ್ದಾರೆ. ಗಡಿಯಾರ ಎತ್ತಿ ತೋರಿಸುವುದನ್ನು ಬಿಟ್ಟಿದ್ದರು, ಅಷ್ಟೇ.

"ನೀವು ಯಾಕೆ ಹೇಳಲಿಲ್ಲ?" ಎಂದು ಕೇಳಿಬಿಟ್ಟೆ.

"ನಾನು ಹೇಳಿದ್ರೆ ಸೋತವಳ ಮಾತು. ಮಕ್ಕಳು ಹೇಳಿದ್ರೆ ಮಕ್ಕಳ ಮಾತು. ನೀವು ಹೇಳ್ತ್ರಿ ಅಂತ ಒಂದು ವರ್ಷ ಕಾಯ್ದೆ, ನಾಯಕ ಮಾಸ್ತರೇ. ಸುಷ್ಮಾ ದಿನಾ ಕೇಳ್ತಿತ್ತು — ಹೇಳಿದ್ರಾ, ಹೇಳಿದ್ರಾ. ಆಮೇಲೆ ಅದು ಕೇಳೂದು ಬಿಡ್ತು. ಅದು ಬಿಟ್ಟ ದಿನ ನಾನೂ ಬಿಟ್ಟೆ." ದನಿ ಏರಿಸಿ, "ಮತ್ತೆ ಮಕ್ಕಳನ್ನ ಗಜನಿಗೆ ಕರ್ಕಂಡ್ ಹೋಗೂಕೆ ಶಾಲೆಲಿ ಬಿಡಲಿಲ್ಲ. ಉರಿದ ದೀಪಕ್ಕೆ ಯಾಕೆ ಅಷ್ಟು ಸಲ ಹೋಗೂದು ಅಂದ್ರು," ಎಂದರು.

ಆ ಮಾತಿನ ಅರ್ಥ ಬಸ್ಸಿನಲ್ಲಿ ಕೂತ ಮೇಲೆ ನನ್ನೊಳಗೆ ಇಳಿಯಿತು. ಸಿಟ್ಟಿನಲ್ಲಿ ಅಕ್ಕೋರ ಬಾಯಿ ತಪ್ಪಿತ್ತು. 'ಉರಿಯದ' ಎನ್ನಬೇಕಾದಲ್ಲಿ 'ಉರಿದ' ಎಂದಿದ್ದರು. ಬೇರೆಯವರ ಆಕ್ಷೇಪವನ್ನು ಹೇಳುವಾಗಲೂ ಆ ದೀಪವನ್ನು ನಂದಿಸಲು ಅವರ ನಾಲಗೆಗೆ ಬರಲಿಲ್ಲ.

ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ, ಕೇಳಿದ್ದರೆ ಅದನ್ನೂ ಒಂದು ವಾದವಾಗಿ ಗೆಲ್ಲಲು ನೋಡುತ್ತಿದ್ದೆ. ಸುಷ್ಮಾ ಈಗ ಎಲ್ಲಿದ್ದಾಳೆಂದು ಮಾತ್ರ ಕೇಳಿದೆ. ಮದುವೆಯಾಗಿ ಅಂಕೋಲೆಯಲ್ಲೇ ಇದ್ದಾಳಂತೆ, ಅವಳ ಮಗಳು ಹೈಸ್ಕೂಲು ಸೇರಿದ್ದಾಳಂತೆ. ಇಷ್ಟು ವರ್ಷ ಒಂದೇ ಊರಿನಲ್ಲಿ ಇದ್ದೆವು. ಅವಳು ನನ್ನನ್ನು ಪೇಟೆಯಲ್ಲಿ ಕಂಡಿರಲೇಬೇಕು. ನಮಸ್ಕಾರ ಹೇಳದೆ ದಾಟಿಹೋದ ಎಷ್ಟು ಹೆಂಗಸರ ಮುಖವನ್ನು ನಾನು ನೋಡದೆ ಬಿಟ್ಟಿದ್ದೇನೆ!

ನಾಳೆ ಅವಳ ಮನೆಗೆ ಹೋಗುತ್ತೇನೆ. ಈ ಬರಹವನ್ನು ಕೈಯಲ್ಲಿ ಹಿಡಿದು ಹೋಗುವುದಿಲ್ಲ. ಓದಿ ಹೇಳಿದರೆ ಅದು ಮತ್ತೆ ಭಾಷಣವಾದೀತು. ಬಾಗಿಲಲ್ಲಿ ನಿಂತು, ಅವಳ ಮಗಳ ಎದುರಿಗೇ, ನಾನು ಹೇಳಲಿಲ್ಲ ಮಗಾ ಎನ್ನುತ್ತೇನೆ. ಅವಳು ಬಾಗಿಲು ಹಾಕಿಕೊಂಡರೆ, ಹಾಕಿಕೊಳ್ಳಲಿ.